ಮುಖ ಕಾಣದವರ ಕೂಟ

ಸಂಘವೊಂದನ್ನು ಕಟ್ಟುವುದು ಕಷ್ಟವಲ್ಲ. ಗಣೇಶನ ಹಬ್ಬ ಸಮೀಪಿಸಿತೆಂದರೆ ಬೀದಿಗೊಂದು ಸಂಘ ಹುಟ್ಟುತ್ತದೆ. ಅಧ್ಯಕ್ಷರು, ಕಾರ್ಯದರ್ಶಿ, ರಸೀತಿ ಪುಸ್ತಕ ಎಲ್ಲವೂ ಸಿದ್ಧ. ಮೂರನೆಯ ವರ್ಷ ವಿಚಾರಿಸಿದರೆ ಉಳಿದಿರುವುದು ರಸೀತಿ ಪುಸ್ತಕವೊಂದೇ! ದಿನ ಬೆಳಗಾದರೆ ಮುಖ ನೋಡುವವರ ಪಾಡೇ ಹೀಗಾದರೆ, ಒಬ್ಬರನ್ನೊಬ್ಬರು ಕಾಣದೆ ಅಂತರಜಾಲದಲ್ಲಿ ಕಲೆತವರ ಪಾಡೇನು? ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ತುಳು ವಿಕಿಪೀಡಿಯವನ್ನೇ ನೋಡಬಹುದು.

ಉಡುಪಿ, ಕಾಪು, ಕಾರ್ಕಳಗಳ ಎಷ್ಟೋ ಮನೆಗಳಲ್ಲಿ ಅಡಿಗೆಮನೆಯ ಮಾತು ತುಳು. ಮಕ್ಕಳ ಓದುಬರಹ ಮಾತ್ರ ಕನ್ನಡ ಅಥವಾ ಇಂಗ್ಲಿಷ್. 2011ರ ಜನಗಣತಿಯಂತೆ ಹದಿನೆಂಟು ಲಕ್ಷಕ್ಕೂ ಮಿಕ್ಕ ಜನ ತುಳುವನ್ನು ತಾಯ್ನುಡಿಯೆಂದು ಬರೆಸಿದರೂ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ. ಆಡುವವರಿದ್ದೂ ಬರೆಯುವವರಿಲ್ಲದೆ ಹೋದರೆ ಭಾಷೆಯ ಗತಿಯೇನು? ಈ ಕಳವಳವೇ ಆ ಕೂಟದ ಮೂಲ.

ಎಂಟು ವರ್ಷದ ತೊಟ್ಟಿಲು

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೇ ವಿಕಿಪೀಡಿಯ. ಇಂಗ್ಲಿಷಿನಲ್ಲಿ ಅದು 2001ರಲ್ಲಿಯೂ ಕನ್ನಡದಲ್ಲಿ 2003ರಲ್ಲಿಯೂ ಆರಂಭವಾಯಿತು. ತುಳುವಿನ ಬೀಜ 2008ರಲ್ಲಿ ಬಿದ್ದರೂ ಅದು ಸ್ವತಂತ್ರ ವಿಶ್ವಕೋಶವಾಗಿ ಹೊರಬಂದದ್ದು 2016ರ ಆಗಸ್ಟ್‌ನಲ್ಲಿ. ಯಂತ್ರದ ಕೆಲಸವಾಗಿದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಆದರೆ ಅಲ್ಲಿನ ನಿಯಮವೇ ಬೇರೆ. ಹೊಸ ಭಾಷೆ ಮೊದಲು ಪ್ರಯೋಗದ ತಾಣದಲ್ಲಿ ಬೆಳೆಯಬೇಕು. ಕೆಲವರಾದರೂ ತಿಂಗಳುಗಟ್ಟಲೆ ಬಿಡದೆ ಬರೆಯಬೇಕು. ಪುಟದ ಮೇಲಿನ ಸೂಚನೆಗಳೂ ಆ ಭಾಷೆಗೆ ಬರಬೇಕು. ಒಬ್ಬನ ಹದಿನೈದು ದಿನದ ಹುರುಪು ಕೂಟವಾಗದು ಎಂಬುದೇ ಇದರ ತಾತ್ಪರ್ಯ.

‘ತಪ್ಪು’ ತಪ್ಪಲ್ಲ

ಜನ ಕೂಡಿದ ಮೇಲೆ ಜಗಳ ತಪ್ಪೀತೇ? ಸೊಪ್ಪಿಗೆ ತುಳುವಿನ ಒಂದು ಪ್ರಭೇದದಲ್ಲಿ ‘ತಪ್ಪು’ ಎಂದರೆ ಇನ್ನೊಂದರಲ್ಲಿ ‘ಸಪ್ಪು’ ಎನ್ನುತ್ತಾರೆ. ಪದಾಂತ್ಯದ ಅರೆಸ್ವರಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯೇ ಇಲ್ಲ. ಪ್ರತಿಯೊಬ್ಬರಿಗೂ ತಮ್ಮ ಮನೆಯ ಮಾತೇ ಶುದ್ಧ. ಹೊಸಬನ ಮೊದಲ ಲೇಖನವನ್ನು ಅಳಿಸಿ ‘ಇದು ತುಳುವೇ ಅಲ್ಲ’ ಎಂದು ಯಾರಾದರೂ ಗದರಿಸಿದರೆ ಆತ ಮರುದಿನ ಬರುವುದಿಲ್ಲ. ಜಗಳಕ್ಕಿಂತಲೂ ಹೀಗೆ ಸದ್ದಿಲ್ಲದೆ ಎದ್ದು ಹೋಗುವವರಿಂದಲೇ ಕೂಟಗಳು ಸಾಯುತ್ತವೆ.

ಈ ತೊಡಕನ್ನು ಉಡುಪಿ ಹಿಂದೆಯೇ ಎದುರಿಸಿತ್ತು. ಮಣಿಪಾಲಕ್ಕೆ ಹೋಗುವ ಹಾದಿಯಲ್ಲಿರುವ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕಾರ್ಯ ಮೊದಲಾಯಿತು. ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಅದರ ಆರು ಸಂಪುಟಗಳು ಬೆಳಕು ಕಂಡವು. ಯಾವುದೋ ಒಂದು ರೂಪವನ್ನೇ ಪಟ್ಟಕ್ಕೇರಿಸಿ ಉಳಿದವನ್ನು ಹೊರಗಟ್ಟದೆ, ಪ್ರದೇಶ ಸಮುದಾಯಗಳ ಭೇದಗಳನ್ನು ಜೊತೆಜೊತೆಗೆ ದಾಖಲಿಸಿದ್ದು ಅದರ ಹಿರಿಮೆ. ಕೂಟ ನಡೆಸುವವರಿಗೆ ಇದಕ್ಕಿಂತ ಹಿರಿದಾದ ಪಾಠ ಬೇಕಿಲ್ಲ.

ಯಜಮಾನರಲ್ಲ, ಕಾವಲುಗಾರರು

ವಿಕಿಪೀಡಿಯದ ವ್ಯವಸ್ಥೆಯಲ್ಲಿಯೂ ಈ ವಿವೇಕ ಅಡಗಿದೆ. ಅಲ್ಲಿ ಪ್ರತಿಯೊಂದು ತಿದ್ದುಪಡಿಯೂ ಪುಟದ ಚರಿತ್ರೆಯಲ್ಲಿ ಉಳಿಯುತ್ತದೆ. ಕೆಟ್ಟದ್ದನ್ನು ಕ್ಷಣದಲ್ಲಿ ಹಿಂದಿನಂತೆ ಮಾಡಬಹುದು. ಆದುದರಿಂದ ಹೊಸಬನನ್ನು ನಂಬುವುದರಲ್ಲಿ ನಷ್ಟವಿಲ್ಲ. ವಾದವಿದ್ದರೆ ಅದಕ್ಕೆಂದೇ ಮೀಸಲಾದ ಚರ್ಚಾಪುಟವಿದೆ. ಅಲ್ಲಿ ಆಧಾರ ಗ್ರಂಥಕ್ಕೆ ಬೆಲೆ, ಅಂತಸ್ತಿಗಲ್ಲ. ಪ್ರಾಧ್ಯಾಪಕನೂ ವಿದ್ಯಾರ್ಥಿಯೂ ಸಮಾನರು. ನಿರ್ವಾಹಕರನ್ನು ಸದಸ್ಯರೇ ಆರಿಸುತ್ತಾರೆ. ಪುಟಕ್ಕೆ ಬೀಗ ಹಾಕುವ, ಪುಂಡರನ್ನು ತಡೆಯುವ ಅಧಿಕಾರ ಅವರಿಗುಂಟು; ಆದರೆ ವಾದದಲ್ಲಿ ಅವರ ಮಾತಿಗೆ ಹೆಚ್ಚಿನ ತೂಕವಿಲ್ಲ.

ವಾಚಕರಲ್ಲಿ ಅನೇಕರು ಬಂಧುಗಳ ಇಲ್ಲವೆ ಬಡಾವಣೆಯ ವಾಟ್ಸಾಪ್ ಬಳಗವನ್ನು ನಡೆಸುತ್ತಿರಬಹುದು. ಅಲ್ಲಿಯೂ ಇದೇ ಧರ್ಮ. ನಿಯಮಗಳು ಕೆಲವೇ ಇರಲಿ, ಎಲ್ಲರಿಗೂ ತಿಳಿದಿರಲಿ. ತಪ್ಪನ್ನು ತಿದ್ದಿ, ತಪ್ಪಿದವನನ್ನು ಹಳಿಯಬೇಡಿ. ನಿಮ್ಮ ಕೈಕೆಳಗೆ ಇನ್ನಿಬ್ಬರನ್ನು ತಯಾರು ಮಾಡಿ. ನೀವು ಒಂದು ತಿಂಗಳು ಸುಮ್ಮನಿದ್ದಾಗಲೂ ಮಾತುಕತೆ ನಡೆಯುತ್ತಿದ್ದರೆ ಕೂಟ ಗಟ್ಟಿಯಾಯಿತೆಂದು ತಿಳಿಯಿರಿ.

ಕಾಪುವಿನ ಮೀನುಗಾರ ತನ್ನ ಬಲೆಯ ಬಗೆಗಳಿಗೆ ಹೇಳುವ ಹೆಸರು, ಕಾರ್ಕಳದ ಶಿಲ್ಪಿ ತನ್ನ ಉಳಿಗೆ ಕೊಡುವ ಹೆಸರು ಬರಹಕ್ಕೆ ಇಳಿಯಬೇಕಾದರೆ ಬರೆಯುವ ಕೈಗಳು ಹಲವು ಬೇಕು. ಆ ಕೈಗಳು ಬರುವುದು ಆದರವಿದ್ದ ಕಡೆಗೆ.