ಹಾಡುವವರು ಎದುರಿಗೆ ಬಂದು ಕೂತಂತಿರಬೇಕು

ಮನೆಗೆ ಸ್ಪೀಕರ್ ಕೊಳ್ಳುವುದೆಂದರೆ ಅದು ಗಂಡಸರ, ಹುಡುಗರ ವ್ಯವಹಾರ ಎಂದು ನಾವು ಗೃಹಿಣಿಯರು ಸುಮ್ಮನಿದ್ದುಬಿಡುತ್ತೇವೆ, ಅಲ್ಲವೇ? ಸೀರೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಹತ್ತು ಸಲ ವಿಚಾರಿಸುವ ನಾವು, ದಿನವಿಡೀ ನಮ್ಮ ಕಿವಿಗೇ ಬೀಳುವ ಈ ವಸ್ತುವನ್ನು ಮಾತ್ರ ಕೇಳಿ ನೋಡದೆ ತರುತ್ತೇವೆ. ನಾನೂ ಹಾಗೆ ಮಾಡಿ ಕೈ ಸುಟ್ಟುಕೊಂಡವಳೇ. ನಿಮಗೆ ಹಾಗಾಗದಿರಲೆಂದು ಈ ನಾಲ್ಕು ಮಾತು.

ನಮ್ಮದು ಚಾಮರಾಜನಗರದ ಕಡೆಯ ಉಡಿಗಾಲ. ಸೋಮವಾರ ಬಂತೆಂದರೆ ನಮ್ಮ ಅತ್ತೆಯವರಿಗೆ ಮಲೆ ಮಹದೇಶ್ವರನ ಹಾಡು ಕಿವಿಗೆ ಬೀಳಲೇಬೇಕು. ಚೀಟಿ ಹಣ ಕೈಗೆ ಬಂದಾಗ ದೊಡ್ಡ ಸಬ್‌ವೂಫರ್ ಇರುವ ಸೆಟ್ ತಂದೆವು. ಹಾಕಿದ ಕೂಡಲೇ ಕಿಟಕಿ ಗಾಜು ನಡುಗಿತು, ಮಕ್ಕಳು ಕುಣಿದರು. ಅತ್ತೆ ಮಾತ್ರ ಎದ್ದು ಜಗಲಿಗೆ ಹೋದರು. "ಡಬಡಬ ಅಂತ ಬಡ್ಕತದ ಕನವ್ವ. ಹಾಡೋನು ಎಲ್ಲೋ ಹಟ್ಟಿ ಹಿಂದ್ಗಡ ನಿಂತಂಗದ, ಒಂದು ಮಾತೂ ತಿಳೀದು" ಅಂದರು. ಆಮೇಲೆ ಸೋಮವಾರವೂ ಹಾಡು ಹಾಕು ಎನ್ನುವುದನ್ನೇ ಬಿಟ್ಟರು. ಮನಸ್ಸಿಗೆ ಎಷ್ಟು ಕಸಿವಿಸಿಯಾಯಿತು ಗೊತ್ತೇ?

ತಪ್ಪು ಕಿವಿಯದಲ್ಲ

ಅತ್ತೆ ಹೇಳಿದ್ದು ನಿಜವೇ. ಕೆಲವು ಸ್ಪೀಕರುಗಳಲ್ಲಿ ಹಾಡುವವರು ಪೆಟ್ಟಿಗೆಯ ಹಿಂದೆ, ಗೋಡೆಯೊಳಗಿನಿಂದ ಹಾಡಿದಂತಿರುತ್ತದೆ. ಇನ್ನು ಕೆಲವುದರಲ್ಲಿ ಪೆಟ್ಟಿಗೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಂತಿರುತ್ತದೆ. ಇದರ ಗುಟ್ಟು ಹೆಚ್ಚಾಗಿ ಮಧ್ಯಸ್ವರದಲ್ಲಿದೆ. ಮಾತಿನ ಸ್ಪಷ್ಟತೆ ಬಹುಪಾಲು 1000ದಿಂದ 4000 ಹರ್ಟ್ಜ್ ನಡುವೆ ಇರುತ್ತದೆ. ಆ ಭಾಗ ತುಸು ಮುಂದಿದ್ದರೆ ಮಾತು ಎದುರಿಗೆ ಬರುತ್ತದೆ. ಅದನ್ನು ತಗ್ಗಿಸಿ ಕೆಳಗಿನ ಗುಡುಗು, ಮೇಲಿನ ಝಣಝಣ ಎರಡನ್ನೇ ಏರಿಸಿದರೆ ಅಂಗಡಿಯಲ್ಲಿ ಭರ್ಜರಿ ಅನ್ನಿಸುತ್ತದೆ, ಮಾತು ಹಿಂದೆ ಸರಿಯುತ್ತದೆ.

ವಯಸ್ಸಾದಂತೆ ಮೊದಲು ಮಂದವಾಗುವುದು ಮೇಲಿನ ಸ್ವರಗಳೇ. ಸ, ಶ, ತ, ಚ ಮುಂತಾದ ವ್ಯಂಜನಗಳು ಸರಿಯಾಗಿ ಕೇಳಿಸುವುದಿಲ್ಲ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಅದರ ಮೇಲೆ ಸಬ್‌ವೂಫರಿನ ಗುಡುಗೂ ಬಿದ್ದರೆ ಮುಗಿದೇಹೋಯಿತು. ವಾಲ್ಯೂಮ್ ಹೆಚ್ಚಿಸಿದರೆ ಗುಡುಗೂ ಜೊತೆಗೇ ಹೆಚ್ಚುತ್ತದೆ. (ಹಿರಿಯರನ್ನು ಒಮ್ಮೆ ಕಿವಿ ಡಾಕ್ಟರಿಗೆ ತೋರಿಸುವುದನ್ನೂ ಮರೆಯಬೇಡಿ.)

ಅಂಗಡಿಗೆ ಹೋದಾಗ

ನಿಮ್ಮ ಹಾಡನ್ನು ನೀವೇ ಮೊಬೈಲಿನಲ್ಲೋ ಪೆನ್‌ಡ್ರೈವಿನಲ್ಲೋ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಅವರ ಸ್ಪೀಕರಿಗೆ ಒಪ್ಪುವಂಥದೇ ಆಗಿರುತ್ತದೆ. ಕಂಸಾಳೆ ಪದ ಒಳ್ಳೆಯ ಪರೀಕ್ಷೆ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಚಪ್ಪಟೆ ತಾಳ. ಅವುಗಳ ಸದ್ದಿನ ನಡುವೆ ಕತೆಯ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಬೇಕು. ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದೀಚೆಗೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡಿದರು. ಅವರ ದನಿ ನಮಗೆಲ್ಲ ಪರಿಚಿತ, ಮೂಗಿನಲ್ಲಿ ಹಾಡಿದಂತೆ ಕೇಳಿದರೆ ತಕ್ಷಣ ಗೊತ್ತಾಗುತ್ತದೆ. ಆಕಾಶವಾಣಿಯ ವಾರ್ತೆಯನ್ನೂ ಒಂದಿಷ್ಟು ಕೇಳಿ.

ಎರಡು ಜೋಡಿ ಹೋಲಿಸುವಾಗ ಸದ್ದು ಸಮನಾಗಿರಲಿ. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪಿಎಂಪಿಓ ಎಂದು ಬರೆದಿದ್ದರೆ ನಂಬಬೇಡಿ, ಆರ್‌ಎಂಎಸ್ ವ್ಯಾಟ್ ಎಷ್ಟೆಂದು ಕೇಳಿ. ಬಿಡಿ ಸ್ಪೀಕರ್ ಕೊಳ್ಳುವುದಾದರೆ ಅದರ ಓಮ್ ನಿಮ್ಮ ಆಂಪ್ಲಿಫೈಯರಿಗೆ ಹೊಂದುವುದೇ ಎಂದೂ ಕೇಳಿ.

ಹಾಗೆಂದು ದನಿ ತೀರಾ ಮುಂದೆ ಬಂದರೂ ಕಷ್ಟ. ತಾಳದ ಸದ್ದು ಸೂಜಿಯಂತೆ ಚುಚ್ಚುತ್ತದೆ, ಸ್ವಲ್ಪ ಹೊತ್ತಿಗೇ ತಲೆ ಸಿಡಿಯುತ್ತದೆ. ಸಾರಿಗೆ ಉಪ್ಪಿದ್ದ ಹಾಗೆ, ಹದವಾಗಿರಬೇಕು. ಆದ್ದರಿಂದ ಒಂದೇ ಹಾಡು ಕೇಳಿ ಒಪ್ಪಬೇಡಿ, ಅರ್ಧ ಗಂಟೆ ಕುಳಿತು ಕೇಳಿ.

ಮನೆಯಲ್ಲಿ ಇಡುವ ಬಗೆ

ಮೂಲೆಯಲ್ಲಿಟ್ಟರೆ ಗುಡುಗು ಹೆಚ್ಚಿ ಮಾತು ಮಸುಕಾಗುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕಿಡಿ. ಷೋಕೇಸಿನಲ್ಲೇ ಇಡಬೇಕಾದರೆ ಹಲಗೆಯ ಅಂಚಿನವರೆಗೆ ಎಳೆದಿಡಿ. ಮೇಲ್ಸ್ವರದ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಕುಳಿತವರ ಕಿವಿಯ ಮಟ್ಟಕ್ಕಿರಲಿ. ನೆಲದ ಮೇಲೆ ಕೂರುವ ಮನೆಯಾದರೆ ಅಷ್ಟೇ ತಗ್ಗಿಸಿ. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ನಿಮಗೂ ಹೆಚ್ಚುಕಮ್ಮಿ ಅಷ್ಟೇ ದೂರವಿದ್ದರೆ ಹಾಡುವವರು ನಟ್ಟನಡುವೆ ನಿಲ್ಲುತ್ತಾರೆ.

ತಂತಿ ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಪೆಟ್ಟಿಗೆಗೆ ಮಾತ್ರ ಅದಲುಬದಲಾದರೂ ದನಿ ನಡುವೆ ನಿಲ್ಲದೆ ಚದುರುತ್ತದೆ. ಬರಿಯ ಸಿಮೆಂಟು ಗೋಡೆ, ಬರಿಯ ನೆಲ ಇದ್ದರೆ ಮಾತು ಮಾರ್ದನಿಸುತ್ತದೆ. ಜಮಖಾನ ಹಾಸಿ, ಪರದೆ ಇಳಿಬಿಡಿ, ವ್ಯತ್ಯಾಸ ತಾನೇ ಕಾಣುತ್ತದೆ. ಐದು ಸ್ಪೀಕರಿನ ಹೋಂ ಥಿಯೇಟರ್ ಇದ್ದವರು ಧಾರಾವಾಹಿಯ ಮಾತು ಕೇಳಿಸದಿದ್ದರೆ ಎಲ್ಲವನ್ನೂ ಏರಿಸಬೇಡಿ. ಮಾತು ಬಹುಪಾಲು ಬರುವ ನಡುವಿನ ಸ್ಪೀಕರನ್ನಷ್ಟೇ ಏರಿಸಿ. ಹೊಸದನ್ನು ಕೊಳ್ಳುವ ಮೊದಲು ಇವನ್ನೆಲ್ಲ ಮಾಡಿ ನೋಡಿ, ಖರ್ಚೇ ಉಳಿದೀತು.

ನಾವೂ ಮಾಡಿ ನೋಡಿದೆವು. ಮೂಲೆಯಿಂದ ತೆಗೆದು ಸಬ್‌ವೂಫರ್ ತಗ್ಗಿಸಿದಾಗ ಅರ್ಧ ಸರಿಹೋಯಿತು. ಉಳಿದರ್ಧಕ್ಕೆ ಅದನ್ನು ನಷ್ಟಕ್ಕೇ ಕೊಟ್ಟು ಬೇರೆ ತಗೊಳ್ಳಬೇಕಾಯಿತು. ಈ ಸಲ ಅತ್ತೆಯನ್ನೇ ಅಂಗಡಿಗೆ ಕರೆದೊಯ್ದೆ. ಹುಡುಗ ಮುಸಿಮುಸಿ ನಕ್ಕ, ನಗಲಿ ಬಿಡಿ. ಎರಡು ಜೋಡಿ ಕೇಳಿ ಅತ್ತೆ ತಲೆಯಾಡಿಸಿದರು. ಮೂರನೆಯದು ಸಣ್ಣ ಪೆಟ್ಟಿಗೆಗಳ ಜೋಡಿ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆಯ ತುಟಿ ತಾನಾಗಿ ಅಲ್ಲಾಡತೊಡಗಿತು. "ಇವನು ಎದುರ್ಗೇ ಕೂತವ್ನ ಕನವ್ವ" ಅಂದರು. ಬೆಲೆ ಕೇಳಿದರೆ ಮೊದಲಿನದಕ್ಕಿಂತ ಕಡಿಮೆಯೇ!

ನೀವೂ ಕೊಳ್ಳುವಾಗ ಮನೆಯಲ್ಲಿ ಯಾರಿಗೆ ಮಾತು ಸರಿಯಾಗಿ ಕೇಳಿಸದೋ ಅವರನ್ನೇ ಮೊದಲು ಕೂರಿಸಿ ಕೇಳಿಸಿ. ಅವರು ಒಪ್ಪಿದ್ದು ಮಿಕ್ಕವರಿಗೂ ಒಪ್ಪಿಗೆಯಾದೀತು.