ಸಾಲೇ ಇಲ್ಲದ ಸದಸ್ಯ

ಗ್ರಂಥಾಲಯದ ಡೇಟಾಬೇಸಿನಲ್ಲಿ ಎರವಲು ಹೋದ ಪುಸ್ತಕದ ಸಾಲಿನಲ್ಲಿ ಸದಸ್ಯರ ಹೆಸರು ಇರುವುದಿಲ್ಲ. ‘417’ ಎಂಬಂಥ ಒಂದು ಸಂಖ್ಯೆ ಇರುತ್ತದೆ. ಹೆಸರು, ವಿಳಾಸ ಎಲ್ಲ ಸದಸ್ಯರ ಟೇಬಲ್‌ನ 417 ಸಂಖ್ಯೆಯ ಸಾಲಿನಲ್ಲಿ. ಆ ಸಾಲನ್ನು ಯಾರೋ ಅಳಿಸಿದ್ದರೆ, ಎರವಲಿನ ಸಾಲು ಕೆಡವಿದ ಮನೆಯ ವಿಳಾಸ ಹಿಡಿದುಕೊಂಡು ಕೂತಿರುತ್ತದೆ.

ಟೇಬಲ್‌ನ ಸಾಲುಗಳನ್ನು ಪ್ರೋಗ್ರಾಮಿನ ಆಬ್ಜೆಕ್ಟ್‌ಗಳಾಗಿ ಮಾಡಿಕೊಡುವ ಲೈಬ್ರರಿಗಳಿಗೆ ಇದು ಕಗ್ಗಂಟು. ಗೇವಿನ್ ಕಿಂಗ್ 2001ರಲ್ಲಿ ಆರಂಭಿಸಿದ ಜಾವಾದ ಹೈಬರ್ನೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸಂಬಂಧವನ್ನು ‘ಲೇಜಿ’ ಎಂದು ಗುರುತಿಸಿದ್ದರೆ ಅದು ಎರವಲನ್ನು ಓದುವಾಗ ಸದಸ್ಯರ ಟೇಬಲ್‌ ಕಡೆ ತಿರುಗಿಯೂ ನೋಡುವುದಿಲ್ಲ. ಸದಸ್ಯನ ಜಾಗದಲ್ಲಿ ‘ಪ್ರಾಕ್ಸಿ’ ಎಂಬ ಬದಲಿ ಆಬ್ಜೆಕ್ಟ್ ಇಟ್ಟು ಮುಂದೆ ಸಾಗುತ್ತದೆ. ಪ್ರಾಕ್ಸಿಗೆ ಗೊತ್ತಿರುವುದು 417 ಎಂಬುದಷ್ಟೇ. ಹೆಸರು ಕೇಳಿದಾಗಲೇ ಅದು ಡೇಟಾಬೇಸಿಗೆ ಹೋಗುವುದು. ಸಾಲು ಸಿಗದಿದ್ದರೆ ಎಕ್ಸೆಪ್ಷನ್ ಎಸೆಯುವುದು. ಹಾಗಾಗಿ ತಪ್ಪು ಡೇಟಾದಲ್ಲಿದ್ದರೂ ಪ್ರೋಗ್ರಾಮ್ ಮುಗ್ಗರಿಸುವುದು ಎಲ್ಲೋ ದೂರದ ರಸೀದಿ ಮುದ್ರಿಸುವ ಕೋಡಿನ ಸಾಲಿನಲ್ಲಿ.

‘ನಾಟ್‌ಫೌಂಡ್’ ಎಂಬ ಗುರುತು ಹಾಕಿ, ಸಿಗದಿದ್ದರೆ ‘ಇಗ್ನೋರ್’ ಮಾಡು ಎಂದು ಹೈಬರ್ನೇಟ್‌ಗೆ ಹೇಳಬಹುದು. ಆಗ ಎಕ್ಸೆಪ್ಷನ್ ಬದಲು ‘ನಲ್’, ಅಂದರೆ ಏನೂ ಇಲ್ಲ ಎಂಬ ಉತ್ತರ ಸಿಗುತ್ತದೆ. ಆದರೆ ಇದು ಪುಕ್ಕಟೆಯಲ್ಲ. ಒಮ್ಮೆ ಕೈಗಿತ್ತ ಪ್ರಾಕ್ಸಿ ಆಮೇಲೆ ನಲ್ ಆಗಲಾರದು. ಸದಸ್ಯ ಇದ್ದಾನೋ ಇಲ್ಲವೋ ಎಂದು ಮೊದಲೇ ನೋಡಲೇಬೇಕು; ಆದ್ದರಿಂದ ಲೇಜಿ ಎಂದು ಬರೆದಿದ್ದರೂ ಅದು ನಡೆಯುವುದಿಲ್ಲ. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿ ಓದದಿದ್ದರೆ, ನೂರು ಎರವಲುಗಳ ಪಟ್ಟಿಗೆ ಇನ್ನೂ ನೂರರವರೆಗೆ ಕ್ವೆರಿಗಳು ಓಡಬಹುದು. ಜಾಯಿನ್ ಮಾಡುವಾಗಲೂ ‘ಲೆಫ್ಟ್ ಜಾಯಿನ್’ ಬೇಕು. ‘ಇನ್ನರ್ ಜಾಯಿನ್’ ಬಳಸಿದರೆ ಸದಸ್ಯನ ಜೊತೆಗೆ ಎರವಲೂ ಸದ್ದಿಲ್ಲದೆ ಪಟ್ಟಿಯಿಂದ ಮಾಯ. ಇದಕ್ಕಿಂತ ಕೆಟ್ಟದ್ದೆಂದರೆ, ಸದಸ್ಯನ ಸಂಖ್ಯೆಯನ್ನೇ ಬರೆಯದ ಸಾಲಿಗೂ ಅಳಿದುಹೋದ ಸದಸ್ಯನ ಸಾಲಿಗೂ ಉತ್ತರ ಒಂದೇ: ನಲ್. ರೋಗ ಮುಚ್ಚಿಹೋಗುತ್ತದೆ.

ಇಂಥ ಅನಾಥ ಸಾಲು ಹುಟ್ಟದಂತೆ ತಡೆಯಲೆಂದೇ ಫಾರಿನ್ ಕೀ ನಿರ್ಬಂಧ ಇರುವುದು. ಆದರೂ ಅದು ಎಲ್ಲೆಡೆ ಜಾರಿಯಲ್ಲಿರುವುದಿಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಎಂಜಿನ್ ಈ ನಿರ್ಬಂಧವನ್ನು ಓದಿ ಸುಮ್ಮನಾಗುತ್ತಿತ್ತು. ಎಸ್‌ಕ್ಯೂಲೈಟ್ 2009ರಿಂದ ಇದನ್ನು ಪಾಲಿಸಬಲ್ಲದಾದರೂ, ಸಾಮಾನ್ಯವಾಗಿ ಪ್ರತಿ ಸಂಪರ್ಕದಲ್ಲೂ ಬೇರೆಯಾಗಿ ಆನ್ ಮಾಡಬೇಕು. ಪೈಥಾನಿನ ಜ್ಯಾಂಗೋ ಈ ವಿಷಯದಲ್ಲಿ ಕಟ್ಟುನಿಟ್ಟು: 2017ರ 2.0 ಆವೃತ್ತಿಯಿಂದ, ಸದಸ್ಯನನ್ನು ಅಳಿಸಿದರೆ ಎರವಲಿನ ಗತಿಯೇನು ಎಂದು ಪ್ರೋಗ್ರಾಮರ್ ಮೊದಲೇ ಬರೆಯಬೇಕು. ಎರವಲೂ ಅಳಿಯಬೇಕೇ, ಸಂಖ್ಯೆ ಖಾಲಿಯಾಗಬೇಕೇ, ಇಲ್ಲ ಅಳಿಸಲೇ ಬಿಡಬಾರದೇ? ಗ್ರಂಥಾಲಯಕ್ಕಂತೂ ಮೂರನೆಯದೇ ಸರಿ. ಪುಸ್ತಕ ಇನ್ನೂ ಹೊರಗಿದೆಯಲ್ಲ.

ಡೇಟಾ ಈಗಾಗಲೇ ಕೆಟ್ಟಿದ್ದರೆ, ಲೆಫ್ಟ್ ಜಾಯಿನ್ ಮಾಡಿ, ಎರವಲಿನಲ್ಲಿ ಸಂಖ್ಯೆ ಇದ್ದೂ ಸದಸ್ಯರ ಕಡೆ ನಲ್ ಬಂದ ಸಾಲುಗಳನ್ನು ಮೊದಲು ಹೆಕ್ಕಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೂ ಮುಂಚೆಯೇ ‘ನಾಟ್ ವ್ಯಾಲಿಡ್’ ಎಂದು ಸೇರಿಸಿ ಫಾರಿನ್ ಕೀ ಹಾಕಬಹುದು. ಹೊಸ ಸಾಲುಗಳಿಗೆ ತಪಾಸಣೆ ಕೂಡಲೇ ಶುರುವಾಗುತ್ತದೆ. ಹಳೆಯವನ್ನು ತೊಳೆದ ಮೇಲೆ ‘ವ್ಯಾಲಿಡೇಟ್’ ಆದೇಶ ಕೊಟ್ಟರಾಯಿತು.