ಎಡಿನ್‌ಬರೋ ಪ್ರಸವೋತ್ತರ ಖಿನ್ನತಾ ಮಾಪಕದ ಭಾಷಾ ರೂಪಾಂತರ

ಎಡಿನ್‌ಬರೋ ಪ್ರಸವೋತ್ತರ ಖಿನ್ನತಾ ಮಾಪಕವು ಹೆರಿಗೆಯ ನಂತರ ತಾಯಂದಿರಲ್ಲಿ ಕಾಣಿಸಿಕೊಳ್ಳುವ ಖಿನ್ನತೆಯ ಸಾಧ್ಯತೆಯನ್ನು ಗುರುತಿಸಲು ನೆರವಾಗುವ ಪ್ರಶ್ನಾವಳಿಯಾಗಿದೆ. ಜಾನ್ ಕಾಕ್ಸ್, ಜೆನಿ ಹೋಲ್ಡನ್ ಮತ್ತು ರೂತ್ ಸಗೋವ್‌ಸ್ಕಿ ಇದನ್ನು 1987ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಹಿಂದಿನ 7 ದಿನಗಳ ಮನಃಸ್ಥಿತಿಯನ್ನು ಕುರಿತ 10 ಹೇಳಿಕೆಗಳು ಇದರಲ್ಲಿವೆ. ಪ್ರತಿಯೊಂದಕ್ಕೂ 0ರಿಂದ 3ರವರೆಗೆ ಅಂಕವಿದ್ದು, ಗರಿಷ್ಠ ಮೊತ್ತ 30. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಇದನ್ನು ಅಳವಡಿಸಲಾಗಿದೆ.

ಅನುವಾದದ ತೊಡಕುಗಳು

6ನೆಯ ಹೇಳಿಕೆಯ ಇಂಗ್ಲಿಷ್ ನುಡಿಗಟ್ಟನ್ನು ಪದಶಃ ಅನುವಾದಿಸಿದರೆ ‘ಸಂಗತಿಗಳು ನನ್ನ ಮೇಲೇರಿ ಬರುತ್ತಿವೆ’ ಎಂದಾಗುತ್ತದೆ. ಅದರ ನಿಜವಾದ ಆಶಯ ‘ಯಾವುದನ್ನೂ ನಿಭಾಯಿಸಲಾಗುತ್ತಿಲ್ಲ’ ಎಂಬುದು. ಕನ್ನಡದ ‘ಬೇಜಾರು’ ಎಂಬ ಪದವು ದುಃಖ, ಅಸಮಾಧಾನ, ಏಕತಾನತೆ ಇವೆಲ್ಲಕ್ಕೂ ಸಲ್ಲುವುದರಿಂದ ಅದನ್ನು ಬಳಸಿದಲ್ಲಿ ಉತ್ತರದ ಅರ್ಥವೇ ಅಸ್ಪಷ್ಟವಾಗಬಹುದು.

ವಿಧಾನ

ಸಾಮಾನ್ಯವಾಗಿ ಇಬ್ಬರು ಪ್ರತ್ಯೇಕವಾಗಿ ಅನುವಾದಿಸುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸುತ್ತಾರೆ. ವ್ಯತ್ಯಾಸಗಳನ್ನು ತಜ್ಞರು ಪರಿಶೀಲಿಸಿದ ಬಳಿಕ, ತಾಯಂದಿರು ಪ್ರತಿ ಹೇಳಿಕೆಯನ್ನು ಹೇಗೆ ಅರ್ಥಮಾಡಿಕೊಂಡರೆಂದು ಕೇಳಿ ತಿಳಿಯಲಾಗುತ್ತದೆ. ಕೊನೆಗೆ ಅಂಕಗಳನ್ನು ವೈದ್ಯಕೀಯ ಸಂದರ್ಶನದ ಫಲಿತಾಂಶದೊಡನೆ ಹೋಲಿಸಿ ಗಡಿ ಅಂಕವನ್ನು ಹೊಸದಾಗಿ ನಿರ್ಧರಿಸಬೇಕಾಗುತ್ತದೆ. ಮೂಲದ ಗಡಿಯನ್ನೇ ಉಳಿಸಿಕೊಂಡರೆ ನೆರವು ಅಗತ್ಯವಿರುವ ತಾಯಿ ಗಮನಕ್ಕೆ ಬಾರದೆ ಹೋಗಬಹುದು.

10ನೆಯ ಹೇಳಿಕೆಯು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು. ಸಂಕೋಚದಿಂದ ಅದರ ಮಾತನ್ನು ಮೃದುಗೊಳಿಸಿದರೆ ಅಪಾಯದ ಸೂಚನೆ ಮರೆಯಾಗುತ್ತದೆ. ಒಟ್ಟು ಅಂಕ ಕಡಿಮೆಯಿದ್ದರೂ ಈ ಹೇಳಿಕೆಗೆ ‘ಹೌದು’ ಎಂಬರ್ಥದ ಉತ್ತರ ಬಂದಲ್ಲಿ ತಕ್ಷಣವೇ ವಿಚಾರಿಸುವುದು ಅಗತ್ಯ.